ಎಲ್ಲಿ ನಿಲ್ಲಿಸಬೇಕು ಸಾರ್?

ನಾನು ಗಣಿತದ ಮೇಷ್ಟ್ರು. ಒಂದು ವಾಕ್ಯಕ್ಕೆ ಒಂದೇ ವಿಷಯ, ಹೇಳಿದ ಮೇಲೆ ಚುಕ್ಕಿ ಇಟ್ಟು ಮುಂದೆ ನಡೆ. ಇದು ನನ್ನ ಪದ್ಧತಿ. ಉದ್ದುದ್ದ ವಾಕ್ಯ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥವನು ಹೋದ ತಿಂಗಳು, ನಮ್ಮ ಶಾಲೆಯ ಕನ್ನಡ ಮೇಡಂ ನಿವೃತ್ತರಾದ ದಿನ, ಮೈಕ್ ಹಿಡಿದು ಒಂದೇ ಒಂದು ವಾಕ್ಯ ಮಾತಾಡಿದೆ. ಒಂದೇ! ಆದರೆ ಆ ಒಂದನ್ನು ಮುಗಿಸುವಷ್ಟರಲ್ಲಿ ನನಗೆ ಮೂರು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಅದು ಯಾವ ವಾಕ್ಯ, ಅಷ್ಟು ಉದ್ದ ಯಾಕಾಯಿತು ಎಂಬುದೇ ಅವರ ಕಥೆ. ಅವರ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದೆನೋ, ಫೋನ್ ಮಾಡಿ ಈ ಬರಹದಲ್ಲಿರುವ ತಪ್ಪುಗಳನ್ನೆಲ್ಲ ಸಾಲಾಗಿ ಎತ್ತಿ ಹೇಳುತ್ತಾರೆ.

ನಮ್ಮದು ಬಿ.ಜಿ. ಕೆರೆ ಕಡೆಯ ಒಂದು ಹೈಸ್ಕೂಲು. ನಾನು ಚಳ್ಳಕೆರೆಯಿಂದ ಬಸ್ಸಿನಲ್ಲಿ ಬರುತ್ತೇನೆ, ಅವರು ಎದುರು ದಿಕ್ಕಿನಿಂದ, ಮೊಳಕಾಲ್ಮೂರಿನಿಂದ ಬರುತ್ತಿದ್ದರು. ಒಂಬತ್ತು ವರ್ಷ ಸ್ಟಾಫ್ ರೂಮಿನ ಒಂದೇ ಮೇಜಿನ ಆ ಕಡೆ ಅವರು, ಈ ಕಡೆ ನಾನು. ಕುಳ್ಳಗೆ, ಗುಂಡಗೆ ಇದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅದರ ಮೇಲಿಂದ ನೋಡುತ್ತಿದ್ದರು. ದಿನವೂ ನೂಲಿನ ಸೀರೆ, ಸೆರಗಿನ ತುದಿಯಲ್ಲಿ ಸೀಮೆಸುಣ್ಣದ ಪುಡಿ. "ಏನ್ ಮೇಡಂ, ಮೊಳಕಾಲ್ಮೂರಿನೋರು, ಒಂದು ದಿನಾನೂ ರೇಷ್ಮೆ ಉಟ್ಕೊಂಡು ಬರಲಿಲ್ವಲ್ಲ" ಎಂದು ನಾನು ರೇಗಿಸಿದರೆ, "ಸೀಮೆಸುಣ್ಣಕ್ಕೆ ಎಲ್ಲಾ ಸೀರೇನೂ ಒಂದೇ ಸಾರ್" ಎನ್ನುತ್ತಿದ್ದರು. ಮನೆಯಲ್ಲಿ ತೆಲುಗು. ಸಿಟ್ಟು ನೆತ್ತಿಗೇರಿದರೆ ತರಗತಿಯಲ್ಲೂ "ಏಮಿರಾ ಇದಿ!", ಅಂದರೆ 'ಏನೋ ಇದು!', ಎಂದು ತೆಲುಗೇ ಹೊರಗೆ ಬರುತ್ತಿತ್ತು. ಮಕ್ಕಳಿಗೆ ಅದು ಕೇಳಿದರೆ ಖುಷಿಯೋ ಖುಷಿ.

ಅವರಿಗೆ ಒಂದು ಹುಚ್ಚಿತ್ತು. ಮಿಶ್ರ ವಾಕ್ಯದ ಹುಚ್ಚು. ಅದನ್ನು ಬೇರೆ ಯಾವ ಮಾತಿನಲ್ಲಿ ಹೇಳಲಿ? ಉಳಿದ ಮೇಷ್ಟ್ರುಗಳು ವ್ಯಾಕರಣದ ಆ ಪಾಠವನ್ನು ಒಂದು ಪೀರಿಯಡ್ಡಿನಲ್ಲಿ ಮುಗಿಸಿ, "ಎರಡು ಅಂಕಕ್ಕೆ ಬರುತ್ತೆ, ಬಾಯಿಪಾಠ ಮಾಡಿ" ಎಂದು ಕೈತೊಳೆದುಕೊಳ್ಳುತ್ತಾರೆ. ಇವರು ಜೂನ್‌ನಲ್ಲಿ ಹಿಡಿದರೆ ಮಾರ್ಚ್‌ವರೆಗೂ ಬಿಡುತ್ತಿರಲಿಲ್ಲ.

ನಾನೇ ಕಿಟಕಿಯಾಚೆ ನಿಂತು ಕೇಳಿದ್ದೇನೆ. "ಯಾರ ಮನೆಯಾಗೆ ಟ್ರ್ಯಾಕ್ಟರ್ ಐತೆ, ಕೈ ಎತ್ರಿ" ಎಂದರು. ನಾಲ್ಕೈದು ಕೈ ಎದ್ದವು.

"ಟ್ರೇಲರ್ ತನ್ನಷ್ಟಕ್ಕೆ ತಾನೇ ಹೋಗ್ತೈತಾ?"

"ಇಲ್ಲ ಮಿಸ್!"

"ಇಂಜಿನ್?"

"ಹೋಗ್ತೈತೆ ಮಿಸ್!"

"ಬರೀ ಇಂಜಿನ್ ಹೋದ್ರೆ ಶೇಂಗಾ ಮೂಟೆ ನಿಮ್ಮ ತಲೆ ಮೇಲೆ ಇಟ್ಕೊಂತೀರಾ?"

ಮಕ್ಕಳು ಬಿದ್ದು ಬಿದ್ದು ನಕ್ಕರು. "ನೋಡ್ರಿ. 'ಮಳೆ ಬಂದರೆ' ಅನ್ನೋದು ಟ್ರೇಲರು. ಅಷ್ಟೇ ಹೇಳಿ ಸುಮ್ನಾದ್ರೆ ರೋಡಿನ ಮಧ್ಯೆ ಬಿಟ್ಟು ಹೋದಂಗೆ. ಅದು ಅಧೀನ ವಾಕ್ಯ. 'ಶೇಂಗಾ ಬಿತ್ತುತ್ತೇವೆ' ಅನ್ನೋದು ಇಂಜಿನ್ನು, ಪ್ರಧಾನ ವಾಕ್ಯ. ನಮ್ಮ ಕನ್ನಡದಾಗೆ ಟ್ರೇಲರ್ ಮುಂದೆ, ಇಂಜಿನ್ ಹಿಂದೆ. ರಿವರ್ಸ್ ಗಾಡಿ. ಹುಷಾರಾಗಿ ಓಡಿಸ್ಬೇಕು!"

ತೆಲುಗು ಮಾತಾಡುವ ಮನೆಯ ಮಕ್ಕಳು 'ಎಂದು' ಬಂದ ಕಡೆ ತಡವರಿಸುತ್ತಿದ್ದರು. ಅವರಿಗೆ ಬೇರೆ ದಾರಿ. "ಮನೆಯಾಗೆ 'ವಸ್ತಾನನಿ ಚೆಪ್ಪಿನಾಡು' ಅಂತೀರಲ್ಲ, ಆ 'ಅನಿ'ನೇ ಇಲ್ಲಿ 'ಎಂದು'. 'ಬರುತ್ತೇನೆ ಎಂದು ಹೇಳಿದನು.' ನಿಮ್ಮ ಅವ್ವ ದಿನಾ ಮಿಶ್ರ ವಾಕ್ಯ ಮಾತಾಡ್ತಾಳೆ, ನಿಮಗೇ ಗೊತ್ತಿಲ್ಲ" ಎನ್ನುತ್ತಿದ್ದರು. ಅವತ್ತು ಸಂಜೆ ಎಷ್ಟೋ ಮಕ್ಕಳು ಮನೆಗೆ ಹೋಗಿ ತಾಯಂದಿರ ಬಾಯನ್ನೇ ನೋಡುತ್ತಾ ಕುಳಿತಿದ್ದರಂತೆ.

ಹಾಜರಿಯಲ್ಲೂ ಇದೇ ಕಾಟ. ಒಬ್ಬ ಹುಡುಗ ಹಿಂದಿನ ದಿನ ಬಂದಿರಲಿಲ್ಲ. ಯಾಕೆ ಎಂದು ಕೇಳಿದರೆ, "ಈರುಳ್ಳಿ ಕೀಳಾಕೆ ಹೋಗಿದ್ದೆ ಮಿಸ್. ಸೊಂಟ ನೋವು ಬಂತು. ಮಲಗಿದೆ. ಎದ್ದೆ. ಹೊತ್ತಾಗಿತ್ತು" ಎಂದ. "ಲೇ, ಏನೋ ಹಿಂಗೆ ಈರುಳ್ಳೀನ ಒಂದೊಂದೇ ನೆಲಕ್ಕೆ ಉರುಳಿಸ್ತೀಯಾ? ಎಲ್ಲಾ ಚೀಲಕ್ಕೆ ತುಂಬಿ ಬಾಯಿ ಹೊಲಿ" ಎಂದರು. ಅವನು ತಲೆ ಕೆರೆದುಕೊಂಡು, "ಈರುಳ್ಳಿ ಕೀಳಲು ಹೋದಾಗ ಸೊಂಟ ನೋವು ಬಂದು ಮಲಗಿದ್ದರಿಂದ ಎದ್ದಾಗ ಹೊತ್ತಾಗಿತ್ತು ಮಿಸ್" ಎಂದ. ಮೇಡಂ ತೋರುಬೆರಳಿನಿಂದ ಗಾಳಿಯಲ್ಲೇ ಒಂದು ದೊಡ್ಡ ರೈಟ್ ಗುರುತು ಹಾಕಿದರು. ಗಾಳಿಯಲ್ಲಿ ಹಾಕುವ ಆ ರೈಟೇ ಅವರು ಕೊಡುತ್ತಿದ್ದ ಬಹುಮಾನ, ಮಕ್ಕಳು ಅದಕ್ಕಾಗಿ ಬಡಿದಾಡುತ್ತಿದ್ದರು. ಇನ್ನೊಂದು ಚಾಳಿ, ಅರ್ಧ ವಾಕ್ಯ ಎಸೆದು ಸುಮ್ಮನೆ ನಿಲ್ಲುವುದು. ವರಾಂಡದಲ್ಲಿ, ಊಟದ ಸಾಲಿನಲ್ಲಿ, ನಲ್ಲಿಯ ಹತ್ತಿರ, ಎಲ್ಲಿ ಸಿಕ್ಕಿದರೂ "ಕೈ ತೊಳೆಯದಿದ್ದರೆ..." ಎನ್ನುವುದು, ಎದುರಿಗಿದ್ದವರು ಅದನ್ನು ಮುಗಿಸಿಯೇ ಜಾಗ ಬಿಡಬೇಕು.

ನನಗೂ ಅವರಿಗೂ ಹತ್ತನೇ ತರಗತಿಯ ಕೊನೇ ಪೀರಿಯಡ್ಡಿಗಾಗಿ ವರ್ಷವೂ ಜಗಳ. "ನಿಮ್ಮ ಟ್ರೇಲರ್‌ನಿಂದ ಯಾರೂ ಪಾಸಾಗಲ್ಲ ಮೇಡಂ, ನನ್ನ ಲೆಕ್ಕದಿಂದ ಆಗ್ತಾರೆ" ಎಂದು ನಾನು ಹಾರಾಡುತ್ತಿದ್ದೆ. "ಲೆಕ್ಕಾನೂ ಮಿಶ್ರ ವಾಕ್ಯನೇ ಸಾರ್. 'ಒಂದು ತ್ರಿಭುಜದ ಎರಡು ಬಾಹುಗಳು ಸಮವಾಗಿದ್ದರೆ' ಅಂತ ಶುರುವಾಗೋದು ಏನದು?" ಎಂದು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಮಾತಿನಲ್ಲಿ ಗೆಲ್ಲಲಾಗದ ಸಿಟ್ಟಿಗೆ ಡಸ್ಟರ್ ತೆಗೆದುಕೊಂಡು ಹೊರಟುಬಿಡುತ್ತಿದ್ದೆ.

ಇನ್ನು ಬಸ್ಸಿನ ವಿಷಯ. ಎರಡು ವರ್ಷದ ಹಿಂದಿನ ಮಾತು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬೆಳಗಿನ ಸರ್ಕಾರಿ ಬಸ್ಸಿನಲ್ಲೇ ನಾನು ಶಾಲೆಗೆ ಬರುತ್ತಿದ್ದೆ. ಶಾಲೆಗೆ ಆರು ಕಿಲೋಮೀಟರ್ ಮುಂಚೆ ಒಂದು ಗೇಟ್ ಇದೆ. ಗೇಟ್ ಎಂದರೆ ಬಾಗಿಲಲ್ಲ, ಒಳಗಿನ ಊರಿಗೆ ಹೋಗುವ ದಾರಿ ಹೆದ್ದಾರಿಗೆ ಸೇರುವ ಜಾಗವನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಅಲ್ಲಿ ದಿನಾ ನಮ್ಮ ಶಾಲೆಯ ಹನ್ನೊಂದು ಹುಡುಗಿಯರು ಸಾಲಾಗಿ ನಿಂತು ಕೈ ಅಡ್ಡ ಹಾಕುತ್ತಿದ್ದರು. ಬಸ್ಸು ನಿಲ್ಲುತ್ತಿರಲಿಲ್ಲ. ಡ್ರೈವರ್‌ನನ್ನು ಕೇಳಿದರೆ, "ಅಲ್ಲಿ ಸ್ಟಾಪ್ ಇಲ್ಲ ಸಾರ್" ಎನ್ನುತ್ತಿದ್ದ. ಆ ಊರಿನ ಹುಡುಗರು ಯಾರದೋ ಬೈಕು, ಯಾವುದೋ ಟ್ರ್ಯಾಕ್ಟರ್ ಹತ್ತಿ ಬಂದುಬಿಡುತ್ತಿದ್ದರು. ಹುಡುಗಿಯರು ನಡೆದು ಬರಬೇಕು. ಬೆವರಿಳಿಸಿಕೊಂಡು ಬರುವಷ್ಟರಲ್ಲಿ ಒಂದು ಪೀರಿಯಡ್ ಮುಗಿದಿರುತ್ತಿತ್ತು. ಅದೇ ನನ್ನ ಪೀರಿಯಡ್. ಕಿಟಕಿಯಿಂದ ಅವರ ಮುಖ ನೋಡಿಕೊಂಡು ನಾನು ಮುಂದೆ ಹೋಗುತ್ತಿದ್ದೆ.

ಅವರಲ್ಲಿ ಓಬಕ್ಕ ಎಂಬ ಹುಡುಗಿ ಒಂಬತ್ತನೇ ತರಗತಿಯಲ್ಲಿದ್ದಳು. ತಂದೆತಾಯಿ ಇಬ್ಬರೂ ಕೂಲಿಗೆ ಹೋಗುವವರು. ಒಂದು ದಿನ ಅವಳ ಅವ್ವ ಶಾಲೆಗೇ ಬಂದು, "ಮೇಷ್ಟ್ರೇ, ದಸರಾ ರಜೆ ಮುಗಿಯೋ ತನಕ ನೋಡ್ತೀವಿ. ಬಸ್ಸಿನ ದಾರಿ ಆಗ್ಲಿಲ್ಲ ಅಂದ್ರೆ ಬಿಡಿಸ್ತೀವಿ. ದೊಡ್ಡ ಹುಡುಗಿ, ಆ ರೋಡಿನಾಗೆ ದಿನಾ ನಡಿ ಅಂತ ಹೆಂಗೆ ಕಳಿಸಾದು?" ಎಂದಳು. ಉಳಿದ ಹತ್ತು ಮನೆಯವರೂ ಅದೇ ಮಾತು. ಹನ್ನೊಂದು ಹುಡುಗಿಯರ ಓದು ಒಂದು ಬಸ್ಸಿನ ಮೇಲೆ ನಿಂತಿತ್ತು.

ಹೆಡ್‌ಮಾಸ್ಟರು ನನಗೆ ಹೇಳಿದರು: "ಡಿಪೋ ನಿಮ್ಮೂರಿನಾಗೇ ಐತಲ್ಲ, ನೀವೇ ಒಂದು ಅರ್ಜಿ ಬರೆದು ಕೊಟ್ಟುಬಿಡ್ರಿ." ನಾನು ಕುಳಿತ ಜಾಗದಲ್ಲೇ ಬರೆದೆ. "ಮಾನ್ಯರೇ, ಬೆಳಗಿನ ಮೊಳಕಾಲ್ಮೂರು ಬಸ್ಸಿನಿಂದ ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ತೊಂದರೆಯಾಗುತ್ತಿದೆ. ಸದರಿ ಬಸ್ಸನ್ನು ನಿಲ್ಲಿಸಬೇಕು." ಎರಡು ವಾಕ್ಯ, ಎರಡು ಚುಕ್ಕಿ, ಕೆಳಗೆ ಹೆಡ್‌ಮಾಸ್ಟರ ಸಹಿಗೆ ಜಾಗ. ಎಷ್ಟು ಚೊಕ್ಕ! ಹೆಮ್ಮೆಯಿಂದ ಮೇಜಿನ ಆ ಕಡೆಗೆ ತಳ್ಳಿದೆ.

ಮೇಡಂ ಓದಿದರು. ಇನ್ನೊಂದು ಸಲ ಓದಿದರು. "ಎಲ್ಲಿ ನಿಲ್ಲಿಸಬೇಕು ಸಾರ್?" ಎಂದರು.

"ಗೇಟ್‌ನಾಗೆ, ಇನ್ನೆಲ್ಲಿ?"

"ಅದು ನಿಮ್ಮ ತಲೆಯಾಗೈತೆ, ಕಾಗದದಾಗೆ ಇಲ್ಲ. ಯಾಕೆ, ಯಾವಾಗ, ಎಲ್ಲಿ, ಒಂದೂ ಇಲ್ಲ. ಬರೀ ಇಂಜಿನ್ ಕಳಿಸ್ತಿದೀರಿ."

"ಮೇಡಂ, ನಿಮ್ಮ ವ್ಯಾಕರಣ ಕ್ಲಾಸಿನಾಗಿರ್ಲಿ. ಬಸ್ಸಿಗೆ ಬೇಡ" ಎಂದು ಕಾಗದ ಕಿತ್ತುಕೊಂಡೆ. ಅಯ್ಯೋ ನನ್ನ ಬುದ್ಧಿಗಿಷ್ಟು! ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ಹತ್ತು ದಿನದಲ್ಲಿ ಉತ್ತರ ಬಂತು. "ತಮ್ಮ ಕೋರಿಕೆಯಂತೆ ಸದರಿ ಬಸ್ಸನ್ನು ಬರುವ ಸೋಮವಾರದಿಂದ ನಿಲ್ಲಿಸಲಾಗುವುದು." ನಾನು ಅದನ್ನು ಬಾವುಟದಂತೆ ಎತ್ತಿ ಹಿಡಿದು ಎಲ್ಲ ತರಗತಿಗೂ ಓದಿ ಬಂದೆ. ಹನ್ನೊಂದು ಹುಡುಗಿಯರೂ ಕುಣಿದರು. ಸ್ಟಾಫ್ ರೂಮಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದೆ. ಮೇಡಂ ಒಂದು ಮೆಣಸಿನಕಾಯಿ ಕೈಯಲ್ಲಿ ಹಿಡಿದುಕೊಂಡೇ ಆ ಪತ್ರ ನೋಡುತ್ತಾ, "ಇವರೂ ಎಲ್ಲಿ ಅಂತ ಬರೆದಿಲ್ಲವಲ್ಲ ಸಾರ್" ಎಂದರು. "ಹೊಟ್ಟೆಕಿಚ್ಚು ಮೇಡಂ ನಿಮಗೆ" ಎಂದೆ.

ಸೋಮವಾರ ಬೆಳಿಗ್ಗೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದೇನೆ. ಬಸ್ಸಿನ ಹೊತ್ತಾಯಿತು. ಹೊತ್ತು ಮೀರಿತು. ಬಸ್ಸಿಲ್ಲ. ಕಂಟ್ರೋಲರ್ ಕಿಟಕಿಗೆ ಹೋಗಿ, "ಏನ್ ಸಾರ್, ಮೊಳಕಾಲ್ಮೂರು ಬಸ್ಸು?" ಎಂದೆ.

"ಅದು ನಿಂತೈತೆ."

"ಎಲ್ಲಿ ನಿಂತೈತೆ?"

"ಎಲ್ಲೂ ಇಲ್ಲ ಸಾರ್. ನಿಂತೈತೆ ಅಂದ್ರೆ ನಿಂತೈತೆ, ಇವತ್ತಿಂದ ಇಲ್ಲ. ಆ ಬಸ್ಸಿನಿಂದ ಹೆಣ್ಣುಮಕ್ಕಳಿಗೆ ತೊಂದರೆ ಅಂತ ಯಾರೋ ಪುಣ್ಯಾತ್ಮ ಮೇಷ್ಟ್ರು ಅರ್ಜಿ ಕೊಟ್ಟು ನಿಲ್ಸವ್ರೆ."

ಪಕ್ಕದಲ್ಲಿ ಚೀಲ ಇಟ್ಟುಕೊಂಡು ಕಾಯುತ್ತಿದ್ದ ಒಬ್ಬ ಮುದುಕ, "ಯಾವನಲೇ ಆ ಮೇಷ್ಟ್ರು, ಅವನ ಬಾಯಿಗೆ ಮಣ್ಣಾಕ" ಎಂದ. ನಾನೂ ಅವನ ಜೊತೆ ಸೇರಿ, "ಹೌದು ನೋಡ್ರಿ" ಎಂದೆ. ಇನ್ನೇನು ಹೇಳಲಿ?

ಆಟೋ, ಲಾರಿ ಎಲ್ಲ ಹಿಡಿದು ಗೇಟ್ ಹತ್ತಿರ ಬಂದಾಗ ಹನ್ನೊಂದು ಹುಡುಗಿಯರು ತಲೆಗೆ ಹೂ ಮುಡಿದುಕೊಂಡು ಇನ್ನೂ ನಿಂತೇ ಇದ್ದರು. ಲಾರಿಯಿಂದ ಇಳಿದು ಅವರ ಜೊತೆ ನಡೆದೆ. ಆರು ಕಿಲೋಮೀಟರ್. ಆ ದಾರಿ ಎಷ್ಟು ಉದ್ದ ಎಂದು ನನ್ನ ಕಾಲಿಗೆ ಗೊತ್ತಾದದ್ದು ಅವತ್ತೇ. ಓಬಕ್ಕ, "ಮೊದ್ಲು ಬಸ್ಸು ನಮ್ಮುಂದೆ ಹೋಗೋದನ್ನಾದ್ರೂ ನೋಡ್ತಿದ್ವಿ ಸಾ" ಎಂದಳು. ಬೇಕೆಂದು ಚುಚ್ಚಿದ್ದಲ್ಲ, ಇದ್ದದ್ದನ್ನು ಹೇಳಿದಳು. ಅದಕ್ಕೇ ಜಾಸ್ತಿ ನೋವಾಯಿತು.

ಸ್ಟಾಫ್ ರೂಮಿನಲ್ಲಿ ಇಂಗು ತಿಂದ ಮಂಗನಂತೆ ಕುಳಿತೆ. ಮೇಡಂ ಈಗ ನನ್ನನ್ನು ಹುರಿದು ತಿನ್ನುತ್ತಾರೆ ಎಂದುಕೊಂಡಿದ್ದೆ. ಅವರು ನೀರಿನ ಬಾಟಲಿ ನನ್ನ ಕಡೆ ಸರಿಸಿದರು. "ಸಾರ್, ಒಂಬತ್ತನೇ ಕ್ಲಾಸಿನ ಕೊನೇ ಪೀರಿಯಡ್ ಒಂದು ವಾರ ನನಗೆ ಕೊಡ್ರಿ. ನೀವೂ ಬಂದು ಕೂತ್ಕೊಳ್ರಿ." ದಸರಾ ರಜೆಗೆ ಇನ್ನು ಒಂದೇ ವಾರವಿತ್ತು.

ಒಂಬತ್ತನೇ ತರಗತಿಯ ಕೊನೇ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕುಳಿತೆ. ಮೇಡಂ ಬೋರ್ಡಿನ ಬಲತುದಿಯಲ್ಲಿ ದೊಡ್ಡದಾಗಿ 'ಬಸ್ಸನ್ನು ನಿಲ್ಲಿಸಬೇಕು' ಎಂದು ಬರೆದರು. ಎಡಕ್ಕೆ ಪೂರ್ತಿ ಖಾಲಿ. "ಇದು ಇಂಜಿನ್ನು. ಎಲ್ಲಿಗೆ ಹೋಗ್ಬೇಕು ಅಂತ ಇದಕ್ಕೆ ಗೊತ್ತಿಲ್ಲದೆ ನಮ್ಮನ್ನೇ ತುಳೀತು. ಟ್ರೇಲರ್ ಕಟ್ರಿ!" ಎಂದರು.

ಆ ವಾರ ಆ ತರಗತಿಯ ಗದ್ದಲ ಏನು ಹೇಳಲಿ! 'ನಾವು ಕೈ ಮಾಡಿದಾಗ' ಎಂದು ಒಬ್ಬಳು ಕಟ್ಟಿದಳು. 'ಯಾರೂ ಕೈ ಮಾಡದಿದ್ದರೆ ನಿಲ್ಲಿಸದಿದ್ದರೂ ಪರವಾಗಿಲ್ಲ' ಎಂದು ಈರುಳ್ಳಿ ಹುಡುಗ ಕಟ್ಟಿದ. "ಲೇ, ನೀನು ಡಿಪೋದೋರ ಕಡೆನೋ ನಮ್ಮ ಕಡೆನೋ?" ಎಂದು ಹುಡುಗಿಯರು ಅವನ ಮೇಲೆ ಬಿದ್ದರು. 'ನಿಲ್ಲಿಸು' ಎಂದರೆ ರದ್ದು ಮಾಡು ಎಂದೂ ಆಗುತ್ತದೆ, ಹಾಗಾಗದಂತೆ ಹೇಗೆ ಕಟ್ಟುವುದು ಎಂದು ಜಗಳವೋ ಜಗಳ. ನನಗೂ ತಡೆಯಲಾಗದೆ ಎದ್ದು, "ಮಿಸ್, ನಾನು!" ಎಂದುಬಿಟ್ಟೆ. ಇಡೀ ತರಗತಿ ಕೇಕೆ ಹಾಕಿತು. ಮೇಡಂ ಗಂಭೀರವಾಗಿ, "ಹೇಳಪ್ಪ" ಎಂದರು. ಹೇಳಿದೆ. ತಪ್ಪಾಗಿತ್ತು. ಕೂರಿಸಿದರು.

ಗುರುವಾರ ಓಬಕ್ಕ ನೋಟ್‌ಬುಕ್ ಹಿಡಿದುಕೊಂಡು ಎದ್ದಳು. ಓದಿದಳು: "ನಮ್ಮೂರ ಗೇಟಿನಲ್ಲಿ ಬಸ್ಸು ನಿಂತರೆ ನಮ್ಮ ಓದು ನಿಲ್ಲುವುದಿಲ್ಲವೆಂದೂ, ಬಸ್ಸು ನಿಲ್ಲದಿದ್ದರೆ ನಮ್ಮ ಓದು ನಿಲ್ಲುತ್ತದೆಯೆಂದೂ ನಮ್ಮ ಅಪ್ಪ ಅವ್ವ ಹೇಳಿರುವುದರಿಂದ, ರದ್ದಾಗಿರುವ ಬೆಳಗಿನ ಬಸ್ಸನ್ನು ಮತ್ತೆ ಓಡಿಸಿ, ನಾವು ಹನ್ನೊಂದು ಹುಡುಗಿಯರು ಕೈ ಮಾಡಿದಾಗ ಅದೇ ಗೇಟಿನಲ್ಲಿ ನಿಲ್ಲಿಸಬೇಕೆಂದು ಕೇಳಿಕೊಳ್ಳುತ್ತೇವೆ."

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ಸೀಮೆಸುಣ್ಣದ ಪುಡಿ ಕಣ್ಣಿಗೆ ಬಿತ್ತು ಎಂದರು. ಬೆರಳೆತ್ತಿ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ರೈಟ್ ಎಳೆದರು. ಅಷ್ಟು ದೊಡ್ಡ ರೈಟನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ನಿಮ್ಮ ಅಕ್ಷರ ಚೆನ್ನಾಗೈತೆ. ಕೈ ನಿಮ್ದು, ವಾಕ್ಯ ಅವಳ್ದು. ಬರೀರಿ" ಎಂದರು. ಬರೆದೆ. ಚುಕ್ಕಿ ಇಡಲು ಎರಡು ಕಡೆ ಕೈ ತುರಿಸಿತು, ತಡೆದುಕೊಂಡೆ.

ಶನಿವಾರ ಮಧ್ಯಾಹ್ನ ಮೇಡಂ, ಓಬಕ್ಕ, ಅವಳ ಅವ್ವ, ನಾನು ಡಿಪೋಗೆ ಹೋದೆವು. ಮ್ಯಾನೇಜರು ಅರ್ಜಿ ಓದಿದರು. ಮತ್ತೆ ಮೊದಲಿನಿಂದ ಗಟ್ಟಿಯಾಗಿ ಓದಿದರು. 'ಬಸ್ಸು ನಿಂತರೆ ಓದು ನಿಲ್ಲುವುದಿಲ್ಲ' ಎಂಬಲ್ಲಿಗೆ ಬಂದಾಗ ನಕ್ಕರು, ಮುಂದಿನದಕ್ಕೆ ನಗು ನಿಂತಿತು. "ಯಾರಮ್ಮ ಬರೆದಿದ್ದು?" ಎಂದರು. ಮೇಡಂ ಓಬಕ್ಕನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದರು. ಮ್ಯಾನೇಜರು ಕಡತದಿಂದ ನನ್ನ ಹಳೆಯ ಅರ್ಜಿ ತೆಗೆದು, "ಮತ್ತೆ ಇದನ್ನ ಬರೆದ ಮಹಾನುಭಾವರು ಯಾರ್ರಿ?" ಎಂದರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಮೇಡಂ ಕಣ್ಣು ಮಿಟುಕಿಸದೆ ಹೇಳಿದರು: "ಅದನ್ನ ಬರೆದೋರು ಈಗ ಬರೆಯೋದನ್ನೇ ನಿಲ್ಸಿದಾರೆ ಸಾರ್."

ರಜೆ ಮುಗಿದ ಮೊದಲ ದಿನ ಬೆಳಗಿನ ಬಸ್ಸು ಬಂತು. ನಾನು ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತು ಗೇಟ್ ಬರುವುದನ್ನೇ ಕಾಯುತ್ತಿದ್ದೆ. ದೂರದಲ್ಲಿ ಸಾಲು ಕಂಡಿತು. ಹನ್ನೊಂದು ಕೈ ಎದ್ದವು. ಕಂಡಕ್ಟರ್ "ಹೋಲ್ಡಾನ್!" ಎಂದು ಕೂಗಿದ. ಬಸ್ಸು ನಿಂತಿತು. ನಿಂತೇಬಿಟ್ಟಿತು! ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಅವತ್ತಿನ ಚೀಲದ ಮುದುಕ ಅಲ್ಲೇ ಕುಳಿತಿದ್ದವನು, "ಏನಾಯ್ತಪ್ಪ ಈ ಮನುಷ್ಯಂಗೆ?" ಎಂದ. ಶಾಲೆಯ ಹತ್ತಿರ ನಾವು ಹನ್ನೆರಡೂ ಜನ ಇಳಿದಾಗ ಮೇಡಂ ರಸ್ತೆ ಬದಿಯಲ್ಲೇ ನಿಂತಿದ್ದರು. "ಬಸ್ಸು ನಿಂತಿದ್ದರಿಂದ..." ಎಂದು ಅರ್ಧ ಎಸೆದರು. ಹನ್ನೊಂದು ಹುಡುಗಿಯರೂ ಒಟ್ಟಿಗೆ ಅರಚಿದ ಉಳಿದರ್ಧ ಯಾರಿಗೂ ಅರ್ಥವಾಗಲಿಲ್ಲ, ಆದರೆ ಎಲ್ಲರಿಗೂ ರೈಟ್ ಸಿಕ್ಕಿತು.

ಓಬಕ್ಕ ಹತ್ತನೇ ತರಗತಿ ಪಾಸಾಗಿ ಈಗ ಚಳ್ಳಕೆರೆಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಮೇಡಂ ನಿವೃತ್ತಿಯ ದಿನ ಅದೇ ಬಸ್ಸಿನಲ್ಲಿ ನನ್ನ ಜೊತೆ ಶಾಲೆಗೆ ಬಂದಳು. ಮೇಡಂ ಅವತ್ತು ಮೊದಲ ಸಲ ರೇಷ್ಮೆ ಉಟ್ಟಿದ್ದರು, ಊಟದ ಹೊತ್ತಿಗೆ ಅದಕ್ಕೂ ಸೀಮೆಸುಣ್ಣ ಮೆತ್ತಿತ್ತು. ನನ್ನ ಸರದಿ ಬಂದಾಗ ಮೈಕ್ ಹಿಡಿದು ಹೇಳಿದೆ: "ನಾನು ಬರೆದ ಎರಡು ಸಾಲಿನಿಂದ ನಿಂತುಹೋದ ಬಸ್ಸನ್ನು ತಾವು ಕಲಿಸಿದ ಒಂದು ಸಾಲಿನಿಂದ ಮತ್ತೆ ಓಡುವಂತೆ ಮಾಡಿ, ನಮ್ಮ ಹನ್ನೊಂದು ಹುಡುಗಿಯರು ನಿಂತಿದ್ದ ಜಾಗದಲ್ಲೇ ಅದು ನಿಲ್ಲುವಂತೆ ಮಾಡಿ, ಅದನ್ನು ಕೆಡಿಸಿದವನು ಯಾರೆಂದು ಕೇಳಿದಾಗ ಪಕ್ಕದಲ್ಲೇ ಇದ್ದ ನನ್ನ ಹೆಸರು ಹೇಳದೆ ನನ್ನ ಮಾನ ಉಳಿಸಿದ ಮೇಡಂ ನಾಳೆಯಿಂದ ನನ್ನ ಮೇಜಿನ ಆ ಕಡೆ ಇರುವುದಿಲ್ಲ ಎಂದರೆ ನನಗೆ ನಂಬುವುದಕ್ಕೇ ಆಗುತ್ತಿಲ್ಲ." ಮೇಡಂ ಕುಳಿತಲ್ಲಿಂದಲೇ, "ಇಂಜಿನ್ ಕೊನೆಗಾದ್ರೂ ಬಂತಲ್ಲ ಸಾರ್!" ಎಂದರು. ಅಳುತ್ತಿದ್ದವರೆಲ್ಲ ನಕ್ಕರು.

ಸಂಜೆ ಮೊಳಕಾಲ್ಮೂರಿನ ಬಸ್ಸಿಗೆ ಹತ್ತಿಸಲು ಇಡೀ ಶಾಲೆ ರಸ್ತೆಗೆ ಬಂತು. ಮೇಡಂ ಕಿಟಕಿ ಪಕ್ಕ ಕುಳಿತು ಕೆಳಗೆ ನಿಂತ ನಮ್ಮನ್ನೆಲ್ಲ ಕನ್ನಡಕದ ಮೇಲಿಂದ ನೋಡಿದರು. ಕೊನೆಗೆ, "ನಾನು ಬರೋದು ನಿಂತರೂ..." ಎಂದು ಅರ್ಧಕ್ಕೇ ಬಿಟ್ಟರು.

"ಬಸ್ಸು ನಿಲ್ತೈತೆ ಮಿಸ್!" ಎಂದಳು ಓಬಕ್ಕ.

"ಎಲ್ಲಿ? ಪೂರ್ತಿ ಹೇಳು!"

"ನಮ್ಮೂರ ಗೇಟ್‌ನಾಗೆ ನಿಲ್ತೈತೆ ಮಿಸ್!"

ಕಿಟಕಿಯಿಂದ ಕೈ ಹೊರಗೆ ಬಂತು. ತೋರುಬೆರಳು ಗಾಳಿಯಲ್ಲಿ ದೊಡ್ಡದೊಂದು ಗುರುತು ಎಳೆಯಿತು. ನಮ್ಮ ಮಕ್ಕಳೆಲ್ಲ ಒಂದೇ ಧ್ವನಿಯಲ್ಲಿ "ರೈಟ್!" ಎಂದು ಕೂಗಿದರು. ಕಂಡಕ್ಟರ್ ಅದು ತನ್ನ ಡ್ರೈವರ್‌ಗೆ ಹೇಳಿದ್ದೆಂದುಕೊಂಡು, ತಾನೂ "ರೈಟ್ ರೈಟ್" ಎಂದು ಬಾಗಿಲು ಬಡಿದ. ಬಸ್ಸು ಹೊರಟಿತು.